ಗರಟೆಯೊಳಗಿನ ಸಾಬೂನು

ಕುಮಟೆಯ ನಮ್ಮ ಮನೆಯ ಬಚ್ಚಲಗೂಡಿನಲ್ಲಿ ಒಂದು ತೆಂಗಿನ ಗರಟೆ ಇರುತ್ತಿತ್ತು. ಸವೆದು ಎಲೆಯಂತೆ ತೆಳ್ಳಗಾದ ಸಾಬೂನಿನ ಚೂರುಗಳೆಲ್ಲ ಅದರೊಳಗೆ ಬೀಳಬೇಕು. ಗರಟೆ ತುಂಬಿದಾಗ ಅಜ್ಜಿ ಅವನ್ನು ಹೆರೆದು, ತಾನೇ ಕಲಸುವ ಕೊಬ್ಬರಿ ಎಣ್ಣೆಯ ಸಾಬೂನಿಗೆ ಬೆರೆಸುತ್ತಿದ್ದಳು. ಅದನ್ನು ಜಿಪುಣತನವೆಂದು ನಾವು ಹುಡುಗರು ನಗುತ್ತಿದ್ದೆವು. ಅದರ ಹಿಂದೆ ಒಂದು ಚರಿತ್ರೆಯೇ ಇದೆಯೆಂದು ತಿಳಿಯಲು ನನ್ನ ತಲೆ ನರೆಯಬೇಕಾಯಿತು.

ಸಾಬೂನು ನಮ್ಮ ನೆಲದ ಶಬ್ದವಲ್ಲ. ಅರಬ್ಬಿಯಲ್ಲಿ ಅದು ಸಾಬೂನ್; ಪೋರ್ಚುಗೀಸಿನಲ್ಲಿ ಸಬಾವ್. ಎರಡು ಭಾಷೆಗಳೂ ನಮ್ಮ ಕರಾವಳಿಯಲ್ಲಿ ಕೇಳಿಬಂದವೇ. ವಿಜಯನಗರಕ್ಕೆ ಹೋಗುವ ಅರಬ್ಬೀ ಕುದುರೆಗಳು ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರಗಳ ಬಂದರಿನಲ್ಲಿ. ೧೫೦೨ರಲ್ಲಿ ವಾಸ್ಕೋ ಡ ಗಾಮ ಭಟ್ಕಳದ ಮೇಲೆರಗಿ ಕಪ್ಪ ಹೇರಿದ. ಆದರೆ ಮನೆಯೊಳಗೆ ಬಹುಕಾಲ ಸೀಗೆ, ಅಂಟುವಾಳ, ಕಡಲೆಹಿಟ್ಟು, ಬೂದಿನೀರುಗಳದೇ ರಾಜ್ಯಭಾರ.

ಬೂದಿಯಿತ್ತು, ಎಣ್ಣೆಯೂ ಇತ್ತು. ಸಾಬೂನಿನ ಬಿಲ್ಲೆ ಏಕಾಗಲಿಲ್ಲ? ಕಟ್ಟಿಗೆಯ ಬೂದಿಯಲ್ಲಿರುವುದು ಪೊಟ್ಯಾಷ್ ಕ್ಷಾರ. ಅದರಿಂದ ಲೋಳೆಯಂಥ ಮೆದು ಸಾಬೂನು ಮಾತ್ರ ಆದೀತು. ಗಟ್ಟಿ ಬಿಲ್ಲೆಗೆ ಸೋಡಾ ಬೇಕು. ಉಪ್ಪಿನಿಂದ ಸೋಡಾ ತಯಾರಿಸುವ ಕ್ರಮಕ್ಕೆ ಫ್ರಾನ್ಸಿನ ಲೆಬ್ಲಾಂಕ್ ೧೭೯೧ರಲ್ಲಿ ಹಕ್ಕು ಪಡೆದ. ಮುಂದೆ ಸಾಬೂನು ಅಗ್ಗವಾಯಿತು. ೧೮೮೮ರಲ್ಲಿ ಸನ್‌ಲೈಟಿನ ಪೆಟ್ಟಿಗೆಗಳು ಕಲ್ಕತ್ತೆಗೆ ಬಂದವು. ೧೯೧೬ರಲ್ಲಿ ಮೈಸೂರು ಸರಕಾರ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಗಂಧದ ಸಾಬೂನೂ ಹುಟ್ಟಿತು. ಮುಂಬಯಿಗೆ ಸೇರಿದ್ದ ನಮ್ಮ ಜಿಲ್ಲೆಗೆ ೧೯೫೬ರ ನವೆಂಬರ್ ೧ರವರೆಗೆ ಅದು ಪರರಾಜ್ಯದ ಪರಿಮಳವೇ!

ಅಂಗಡಿಯಲ್ಲಿ ಕಾಸ್ಟಿಕ್ ಸೋಡಾ ಸಿಕ್ಕಮೇಲೆ ಅಜ್ಜಿಯಂಥವರ ಕೈ ಓಡಿತು. ೧೦೦ ತೊಲ ಕೊಬ್ಬರಿ ಎಣ್ಣೆಗೆ ಸುಮಾರು ೧೭ ತೊಲ ಸೋಡಾ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕೆ ಸುರಿಯಬಾರದು, ಸಿಡಿದೀತು. ಅಲ್ಯೂಮಿನಿಯಂ ಪಾತ್ರೆ ಕೂಡದು. ಕ್ಷಾರ ಅದನ್ನು ತಿಂದುಬಿಡುತ್ತದೆ. ಹಳೆಯ ಚೂರಿನ ಗುಟ್ಟು ಇಲ್ಲಿದೆ: ಎಣ್ಣೆಗೂ ನೀರಿಗೂ ಸಂಧಾನ ಮಾಡಿಸುವುದು ಸಾಬೂನಿನ ಸ್ವಭಾವ. ಆದುದರಿಂದ ಚೂರು ಬಿದ್ದ ಪಾಕ ಬೇಗ ದಪ್ಪಗಾಗುತ್ತದೆ. ಕಲಸುವ ತೋಳಿಗೆ ವಿರಾಮ.

ಇನ್ನೊಂದು ಗುಣ ನಮ್ಮ ಊರುಗಳಿಗೇ ಹೇಳಿ ಮಾಡಿಸಿದಂತಿದೆ. ಶರಾವತಿ, ಅಘನಾಶಿನಿಗಳ ಅಳಿವೆಯ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಉಳಿದ ಸಾಬೂನುಗಳು ಅಲ್ಲಿ ಮುಷ್ಕರ ಹೂಡಿದರೂ ಕೊಬ್ಬರಿ ಎಣ್ಣೆಯದು ನೊರೆಯೇಳುತ್ತದೆ. ಹಡಗಿನವರು ಕಡಲುನೀರಿನ ಸ್ನಾನಕ್ಕೆ ಬಳಸುತ್ತಿದ್ದುದೂ ಅದನ್ನೇ.

ಕುದುರೆಗಳ ಲೆಕ್ಕ, ಮೆಣಸಿನ ಲೆಕ್ಕ ಚರಿತ್ರೆಯಲ್ಲಿ ದಾಖಲಾಗಿದೆ. ಅಜ್ಜಿಯ ಲೆಕ್ಕವನ್ನು ನಾವು ಯಾರೂ ಬರೆದಿಡಲಿಲ್ಲ. ಅವಳು ಹೋದ ಎಷ್ಟೋ ವರ್ಷಗಳ ಮೇಲೆ ಪುಸ್ತಕ ನೋಡಿ ನಾನೂ ಸಾಬೂನು ಮಾಡಿದೆ. ಎಣ್ಣೆ, ಸೋಡಾಗಳ ತೂಕ ಪುಸ್ತಕದಲ್ಲಿತ್ತು. ಚೂರು ಎಷ್ಟೆಂಬುದು ಇರಲಿಲ್ಲ. ಕೈಗೆ ಬಂದಷ್ಟು ಹಾಕಿದೆ. ತಿಂಗಳು ಒಣಗಿಸಿದ ಬಿಲ್ಲೆ ಮುಟ್ಟಿದೊಡನೆ ಒಡೆದು ಹೋಯಿತು. ಆ ಚೂರುಗಳನ್ನೆಲ್ಲ ಆಯ್ದು ಒಂದು ಗರಟೆಯಲ್ಲಿ ಹಾಕಿಟ್ಟಿದ್ದೇನೆ.