ಮದ್ದುಗುಣಿಕೆಯ ಕುಲ: ಬೀದರ ಸೀಮೆಯ ಕೆಲವು ವಿಷಮೂಲಿಕೆಗಳ ಹೆಸರುಗಳು

ಬೀದರದ ಕೆಂಗಲ್ಲಿನ ಎತ್ತರದ ನೆಲದಿಂದಿಳಿದು ಭಾಲ್ಕಿ, ಔರಾದಗಳ ಎರೆಯ ಹೊಲಗಳ ಕಡೆಗೆ ಸಾಗುವವನಿಗೆ ದಾರಿಯ ಮಗ್ಗುಲಲ್ಲಿಯೂ ತಿಪ್ಪೆಗಳ ಮೇಲೂ ಹಾಳುಗೋಡೆಗಳ ಬುಡದಲ್ಲಿಯೂ ಕಾಣಸಿಗುವ ಗಿಡಗಳಲ್ಲಿ ಕೆಲವು ಒಂದೇ ಕುಲಕ್ಕೆ ಸೇರಿದವು. ಮುಳ್ಳುಕಾಯಿಯ ಮದ್ದುಗುಣಿಕೆ, ಕರಿಹಣ್ಣಿನ ಗಣಿಕೆ, ನೆಲದ ಮೇಲೆ ಹಬ್ಬುವ ನೆಲಗುಳ್ಳ, ಹಿರೇಮದ್ದೆನಿಸಿಕೊಂಡ ಅಶ್ವಗಂಧ—ಇವೆಲ್ಲವೂ ಸಸ್ಯಶಾಸ್ತ್ರಜ್ಞರ ಗಣನೆಯಲ್ಲಿ ಬದನೆಯ ಬಂಧುಗಳೇ ಆಗಿವೆ. ಬದನೆಯು ಅಡಿಗೆಮನೆಯನ್ನು ಸೇರಿತು; ಉಳಿದವು ವೈದ್ಯನ ಚೀಲಕ್ಕೂ ಕಳ್ಳನ ಕೈಗೂ ದೊರೆತವು.

ಕನ್ನಡದಲ್ಲಿ ಮದ್ದು ಎಂಬ ಪದಕ್ಕೆ ಔಷಧವೆಂದೂ ವಿಷವೆಂದೂ ಅರ್ಥಗಳುಂಟು. ಬೀದರದ ಕೋಟೆಯ ಬುರುಜುಗಳ ಮೇಲಿನ ತೋಪುಗಳಿಗೆ ತುಂಬುತ್ತಿದ್ದ ಪುಡಿಯೂ ಮದ್ದೇ. ಹೀಗೆ ಹೆಸರಿನಲ್ಲಿಯೇ ಎರಡು ಮುಖಗಳುಳ್ಳ ಗಿಡವನ್ನು ಕನ್ನಡಿಗರು ಉಮ್ಮತ್ತವೆಂದೂ ಕರೆದರು. ಇದು ಸಂಸ್ಕೃತದ ಉನ್ಮತ್ತ ಶಬ್ದದ ತದ್ಭವವು. ಅಮರಸಿಂಹನು ಇದಕ್ಕೆ ಉನ್ಮತ್ತ, ಕಿತವ, ಧೂರ್ತ ಮೊದಲಾದ ಪರ್ಯಾಯಗಳನ್ನು ಕೊಟ್ಟು, ಚಿನ್ನದ ಹೆಸರುಗಳೆಲ್ಲವೂ ಇದಕ್ಕೆ ಸಲ್ಲುವುವೆಂದು ಸೂಚಿಸಿದ್ದಾನೆ. ತಿಂದವನ ಅವಸ್ಥೆಯೊಂದು ಹೆಸರಾಯಿತು, ತಿನ್ನಿಸಿದವನ ಗುಣ ಇನ್ನೊಂದಾಯಿತು. ಆದರೆ ಚಿನ್ನದ ಹೆಸರೇ ತೊಡಕಿಗೆ ಮೂಲವು. ಕನಕವೆಂದಲ್ಲಿ ಲೋಹವೋ, ಮದ್ದುಗುಣಿಕೆಯೋ, ಅದೇ ಹೆಸರಿನ ಬೇರೊಂದು ಮರವೋ ಎಂಬುದನ್ನು ಸಂದರ್ಭದಿಂದ ನಿರ್ಣಯಿಸಬೇಕಾಗುತ್ತದೆ. ಕಾವ್ಯದಲ್ಲಿ ಇಂತಹ ಭ್ರಾಂತಿಯಿಂದ ಅಲಂಕಾರವೊಂದು ಕೆಡಬಹುದು; ವೈದ್ಯಗ್ರಂಥದಲ್ಲಿಯಾದರೋ ಪ್ರಾಣವೇ ಹೋಗಬಹುದು.

ಬೃಹತಿಯ ವಿಷಯವೂ ಇಂತಹುದೇ. ದಶಮೂಲದಲ್ಲಿ ಬೃಹತಿ, ಕಂಟಕಾರಿ ಎಂದು ಎರಡು ಬೇರುಗಳನ್ನು ವೈದ್ಯರು ಬೇರೆಬೇರೆಯಾಗಿ ಎಣಿಸುತ್ತಾರೆ. ಅಮರನಾದರೋ ಬೃಹತಿಯನ್ನು ಕಂಟಕಾರಿಯ ಪರ್ಯಾಯಗಳಲ್ಲಿಯೇ ಸೇರಿಸಿದ್ದಾನೆ. ನಿಘಂಟುವೊಂದನ್ನೇ ನಂಬಿ ಅರ್ಥ ಬರೆಯುವವರು ಇದನ್ನು ಗಮನಿಸತಕ್ಕದ್ದು.

ಮದ್ದುಗುಣಿಕೆಯ ಮೂಲದೇಶವು ಯಾವುದೆಂಬ ಪ್ರಶ್ನೆಯು ವಿದ್ವಾಂಸರನ್ನು ಬಹುಕಾಲ ಕಾಡಿದೆ. ಇದರ ಜಾತಿಗಳೆಲ್ಲ ಅಮೆರಿಕಾ ಖಂಡದಲ್ಲಿ ಹುಟ್ಟಿದವೆಂದೂ ಕೊಲಂಬಸನ ತರುವಾಯವೇ ಇತ್ತ ಬಂದವೆಂದೂ ವಾದಿಸಿದವರುಂಟು. 2007ರಲ್ಲಿ ಪ್ರಕಟವಾದ ಗೀತಾ ಮತ್ತು ಘರೈಬೆಹ್ ಎಂಬವರ ಪ್ರಬಂಧವು ಸಂಸ್ಕೃತವೇ ಮೊದಲಾದ ಭಾಷೆಗಳ ಹಳೆಯ ಉಲ್ಲೇಖಗಳನ್ನು ಆಧರಿಸಿ, 1492ಕ್ಕೆ ಬಹು ಮುಂಚೆಯೇ ಈ ಗಿಡವು ಇಲ್ಲಿತ್ತೆಂದು ಸಾಧಿಸಿತು. ಹುಚ್ಚುನಾಯಿಯ ಕಡಿತಕ್ಕೆ ಧತ್ತೂರವನ್ನು ವಿಧಿಸಿದ ಸುಶ್ರುತಸಂಹಿತೆಯ ಪ್ರಮಾಣವು ಪ್ರಸಿದ್ಧವೇ ಆಗಿದೆ. ಇಲ್ಲಿ ಕನ್ನಡ ಗ್ರಂಥಗಳ ಬೆಲೆಯು ಅಲ್ಪವಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಕ್ರಿ. ಶ. 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವಿಷವೈದ್ಯವೂ ಅಡಕವಾಗಿದೆ. 1360ರ ಸುಮಾರಿನ ಮಂಗರಾಜನ ಖಗೇಂದ್ರಮಣಿದರ್ಪಣವಂತೂ ವಿಷವೈದ್ಯಕ್ಕೇ ಮೀಸಲಾದುದು. ಸಂಸ್ಕೃತಸಂಹಿತೆಗಳ ಕಾಲನಿರ್ಣಯವು ಶತಮಾನಗಟ್ಟಲೆ ಹಿಂದುಮುಂದಾಗುವುದು. ಈ ಎರಡರ ಕಾಲವಾದರೋ ಹೆಚ್ಚುಕಡಿಮೆ ನಿಶ್ಚಿತವು. ಚಾಲುಕ್ಯರ ರಾಜಧಾನಿಯಾದ ಕಲ್ಯಾಣವು ಭಾಲ್ಕಿಗೆ ಸಮೀಪದ ಇಂದಿನ ಬಸವಕಲ್ಯಾಣವೇ ಆದುದರಿಂದ, ಆ ಅರಸರ ಕಾಲದ ಗ್ರಂಥಗಳ ಮೂಲಿಕೆಗಳನ್ನು ಗುರುತಿಸಹೊರಟವನು ಪುಸ್ತಕವನ್ನು ಮುಚ್ಚಿ ಈ ಹೊಲಗಳ ಬದುಗಳನ್ನೂ ಒಮ್ಮೆ ನೋಡಿಬರುವುದು ಯುಕ್ತವು.

ಈ ಗಿಡದ ದುರುಪಯೋಗವನ್ನು ಬಲ್ಲವರು ಬಹುಮಂದಿ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಸಂವಾದಗ್ರಂಥದಲ್ಲಿ ಪೋರ್ತುಗೀಜ ವೈದ್ಯನಾದ ಗಾರ್ಸಿಯಾ ದ ಓರ್ತನು, ಇದನ್ನು ಆಹಾರದಲ್ಲಿ ಬೆರೆಸಿ ಬುದ್ಧಿ ತಪ್ಪಿದವರ ಸೊತ್ತನ್ನು ಅಪಹರಿಸುತ್ತಿದ್ದುದನ್ನು ವರ್ಣಿಸಿದ್ದಾನೆ. 19ನೆಯ ಶತಮಾನದ ಸರಕಾರೀ ದಾಖಲೆಗಳಲ್ಲಿ ದಾರಿಗರಿಗೆ ವಿಷವಿಕ್ಕಿ ದೋಚುವವರಿಗೆ ಧತೂರಿಯಾ ಎಂಬ ಹೆಸರೇ ಇದ್ದಿತು. ತಿಂದವನ ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಮೈ ಕಾಯುವುದು. ಇಲ್ಲದುದನ್ನು ಹಿಡಿಯಲು ಗಾಳಿಯಲ್ಲಿ ಕೈಯಾಡಿಸುವನು. ಅಟ್ರೋಪಿನ್, ಹಯೋಸಯಾಮಿನ್, ಸ್ಕೋಪೊಲಮಿನ್ ಎಂಬ ಸತ್ತ್ವಗಳು ಇದಕ್ಕೆ ಕಾರಣವು. ಎಚ್ಚತ್ತವನಿಗೆ ನಡೆದುದು ನೆನಪಿಗೆ ಬಾರದಿರುವುದರಿಂದ ಕಳ್ಳನ ಮೇಲೆ ಸಾಕ್ಷಿ ಹೇಳುವವನೇ ಇಲ್ಲವಾಗುತ್ತಿದ್ದನು. ಇದರ ಬೀಜವು ಮೆಣಸಿನಕಾಯಿಯ ಬೀಜವನ್ನು ಹೋಲುವುದು ಇನ್ನೊಂದು ಅಪಾಯವು. ಮೆಣಸಿನಕಾಯಿಯೇ ಪೋರ್ತುಗೀಜರಿಂದೀಚೆಗೆ ಬಂದುದಾದ ಕಾರಣ, ಈ ಒಂದು ಮೋಸವನ್ನು ಚಾವುಂಡರಾಯನ ಕಾಲದವರು ಅರಿಯರು.

ಜನರ ನಂಬಿಕೆಯಲ್ಲಿರುವ 'ಮದ್ದು ಹಾಕುವುದು' ಎಂಬುದನ್ನು ಇದರೊಡನೆ ಬೆರೆಸಲಾಗದು. ಊಟದಲ್ಲಿ ಯಾರೋ ಮದ್ದಿಟ್ಟುದರಿಂದ ಮನುಷ್ಯನು ತಿಂಗಳುಗಟ್ಟಲೆ ಸೊರಗುವನೆಂದು ನಂಬಿ, ಆ ಅಪವಾದವನ್ನು ಅನೇಕ ವೇಳೆ ನೆರೆಮನೆಯ ಬಡಹೆಂಗಸಿನ ಮೇಲೆ ಹೊರಿಸುವುದುಂಟು. ಮದ್ದುಗುಣಿಕೆಯ ವಿಕಾರವಾದರೋ ಕೆಲವು ಗಳಿಗೆಗಳಲ್ಲಿಯೇ ತೋರುವುದು. ಆ ಅಪವಾದಕ್ಕೆ ಈ ಗಿಡವು ಆಧಾರವಾಗಲಾರದು.

ಗಣಿಕೆಯ ಸೊಪ್ಪನ್ನು ಬೇಯಿಸಿ ಉಣ್ಣುವರು, ಮಾಗಿದ ಹಣ್ಣನ್ನು ಮಕ್ಕಳು ತಿನ್ನುವರು. ಹಸುರುಕಾಯಿಯಾದರೋ ವಾಂತಿಯನ್ನೂ ಹೊಟ್ಟೆನೋವನ್ನೂ ತರುವುದು. ಚರಕನು ಇದನ್ನು ಜೇನಿನೊಡನೆ ಸೇವಿಸುವುದು ಮರಣಕ್ಕೆ ಕಾರಣವೆಂದು ವಿರುದ್ಧಾಹಾರಗಳಲ್ಲಿ ಎಣಿಸಿರುವನು. ಇದೇ ಗಿಡವು ಸಂಸ್ಕೃತದಲ್ಲಿ ಕಾಕಮಾಚಿ, ತೆಲುಗಿನಲ್ಲಿ ಕಾಮಂಚಿ, ಮರಾಠಿಯಲ್ಲಿ ಕಾಮೋಣಿ, ಹಕೀಮರ ಬಾಯಲ್ಲಿ ಮಕೋಯ್. ಬೀದರದಲ್ಲಿ ಈ ಭಾಷೆಗಳೆಲ್ಲ ಒಂದೇ ಪೇಟೆಯಲ್ಲಿ ಕೂಡುತ್ತವೆ. ಬಹಮನಿ ಅರಸನಾದ ಎರಡನೆಯ ಅಲಾಉದ್ದೀನ ಅಹಮದನು (1436–1458) ಬೀದರದಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟು, ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ನೇಮಿಸಿದನೆಂದು ಫಿರಿಶ್ತನು ಬರೆದಿದ್ದಾನೆ. ಅಂತಹ ಸ್ಥಳದಲ್ಲಿ ಒಬ್ಬನ ಕಾಕಮಾಚಿಯೂ ಇನ್ನೊಬ್ಬನ ಮಕೋಯಿಯೂ ಒಂದೇ ಎಂಬುದನ್ನು ಗಿಡವನ್ನು ಕೈಯಲ್ಲಿ ಹಿಡಿದೇ ನಿಶ್ಚಯಿಸಿಕೊಳ್ಳಬೇಕಾಗಿದ್ದಿತು.

ಖುರಾಸಾನಿ ಓಮವೆಂಬ ಬೀಜದ ಹೆಸರು ಇದಕ್ಕೆ ವಿಪರೀತವಾದ ನಿದರ್ಶನವು. ಅದಕ್ಕೂ ಅಡಿಗೆಯ ಓಮಕ್ಕೂ ಹೆಸರಿನ ಹೊರತು ನಂಟಿಲ್ಲ. ಅದು ಮದ್ದುಗುಣಿಕೆಯ ಕುಲದ್ದು, ಅದರಲ್ಲಿರುವುದೂ ಅದೇ ವಿಷಸತ್ತ್ವಗಳು. ಹಕೀಮನು ಅದನ್ನು ನೋವಿಗೂ ನಿದ್ದೆಗೂ ತೂಗಿ ಕೊಡುವನು. ಗಂಧಿಗೆಯ ಅಂಗಡಿಯಲ್ಲಿ ಹೆಸರಿನ ಮೊದಲಿನ ಪದವೊಂದನ್ನು ಮರೆತು ಚೀಟಿ ಬರೆದರೆ ಸಾಕು, ಅಜೀರ್ಣಕ್ಕೆ ಕೇಳಿದವನ ಕೈಗೆ ಆ ಬೀಜವು ಬರುವುದು.