ಬಂಡೆಗಲ್ಲಿನ ಮೇಲೊಂದು ವಾದ

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಆಸುಪಾಸಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಆಜ್ಞೆ ಮಾಡಬಲ್ಲ ಚಕ್ರವರ್ತಿ ಇಲ್ಲಿ ಜನರನ್ನು ಒಪ್ಪಿಸಲು ಹೊರಟಿದ್ದಾನೆ. ಮೊದಲು ನಡೆದ ಸಂಗತಿ ಹೇಳುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲ, ಸಂಘಕ್ಕೆ ಹತ್ತಿರವಾದ ಮೇಲೆ ಶ್ರಮಿಸಿದೆ. ತನ್ನ ಆಲಸ್ಯವನ್ನು ತಾನೇ ಕಲ್ಲಿನಲ್ಲಿ ಕೆತ್ತಿಸಿದ ಅರಸರು ಎಷ್ಟು ಮಂದಿ?

ಆಮೇಲೆ ಮೌಲ್ಯದ ಮಾತು: ಸ್ವರ್ಗ ದೊಡ್ಡವರ ಸೊತ್ತಲ್ಲ, ಶ್ರಮಿಸಿದರೆ ಸಾಮಾನ್ಯನಿಗೂ ಎಟಕುತ್ತದೆ. ಕೊನೆಗೆ ವಿಧಿ: ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು. ನಡೆದದ್ದನ್ನು ವಿಚಾರಿಸಿ ನೋಡಬಹುದು. ಸ್ವರ್ಗವನ್ನು ನೋಡಿ ಬಂದವರುಂಟೆ? ಹಾಗಾಗಿಯೇ ಅವನು ಸ್ವಂತ ಅನುಭವವನ್ನು ಜಾಮೀನಾಗಿ ಇಟ್ಟಿದ್ದಾನೆ.

ಸಂಗತಿಗಳಾದರೂ ತಂಟೆ ತಪ್ಪಿದ್ದಲ್ಲ. ಶಾಸನದಲ್ಲಿ 256 ಎಂಬ ಅಂಕೆಯಿದೆ. ಅದು ಬುದ್ಧನ ನಿರ್ವಾಣದ ನಂತರ ಕಳೆದ ವರ್ಷಗಳೆಂದು ಬ್ಯೂಲರ್ ವಾದಿಸಿದ್ದರು. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂಬುದು ಇಂದು ಹೆಚ್ಚಿನ ವಿದ್ವಾಂಸರ ಮತ. ಇದೇ ಶಾಸನದ ಬಿಹಾರದ ಪ್ರತಿ ಸಹಸ್ರಾಮದಲ್ಲಿದೆ; ಅಲ್ಲಿ ಅಂಕೆಯ ಜೊತೆಗೆ ‘ರಾತ್ರಿ’ ಎಂಬ ಅರ್ಥದ ಪದವೂ ಕಾಣುತ್ತದೆ.