ಮೊದಲ ಅಂಕಿಯ ಕೆಲಸವೇನು? ಲಿನಕ್ಸ್ ಕರ್ನಲ್ ಆವೃತ್ತಿಗಳ ಚರಿತ್ರೆ

ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡ್ ಇಳಿಸಿಕೊಂಡು ಅದರಲ್ಲಿರುವ ಮೇಕ್‌ಫೈಲ್ ತೆರೆದರೆ ಆರಂಭದಲ್ಲೇ ವರ್ಷನ್, ಪ್ಯಾಚ್‌ಲೆವೆಲ್, ಸಬ್‌ಲೆವೆಲ್ ಎಂಬ ಮೂರು ಸಾಲುಗಳು ಕಾಣುತ್ತವೆ. ಮೊದಲ ಸಾಲಿನ ಅಂಕಿ ಬದಲಾದಾಗಲೆಲ್ಲ ‘ಹೊಸ ಲಿನಕ್ಸ್ ಬಂತು’ ಎಂದು ಸುದ್ದಿಯಾಗುತ್ತದೆ. ಆ ಅಂಕಿ 2011ರಲ್ಲಿ 3 ಆಯಿತು, 2015ರಲ್ಲಿ 4, 2019ರಲ್ಲಿ 5, 2022ರಲ್ಲಿ 6. ಈ ನಾಲ್ಕು ಸಲವೂ ಅಂಕಿ ಏರಲೇಬೇಕು ಎನ್ನುವಂಥ ಬದಲಾವಣೆ ಕರ್ನಲ್‌ನ ಒಳಗೆ ಆಗಿರಲಿಲ್ಲ. ಹಾಗೆಂದು ಆ ಅಂಕಿ ಮೊದಲಿನಿಂದಲೂ ಪೊಳ್ಳಾಗಿತ್ತು ಎನ್ನುವಂತಿಲ್ಲ. ಅದಕ್ಕೆ ಹಿಂದೆ ಯಾವ ಕೆಲಸವಿತ್ತು, ಅದು ಯಾವಾಗ ತಪ್ಪಿಹೋಯಿತು, ತಪ್ಪಿದ ಮೇಲೂ ಅಂಕಿಯಿಂದ ತೊಂದರೆ ಹುಟ್ಟಿದ್ದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಆಕರಗಳ ಬಗ್ಗೆ ಒಂದು ಮಾತು. ಕರ್ನಲ್‌ನ ಈಗಿನ ಗಿಟ್ ಭಂಡಾರ ಆರಂಭವಾಗುವುದು 2005ರ ಏಪ್ರಿಲ್‌ನಲ್ಲಿ, 2.6.12ರ ಎರಡನೆಯ ಪರೀಕ್ಷಾ ಆವೃತ್ತಿಯಿಂದ. ಅದಕ್ಕೆ ಮೊದಲಿನ ಹದಿಮೂರೂವರೆ ವರ್ಷಗಳ ಯಾವ ವಿವರವೂ ಆ ಭಂಡಾರದಲ್ಲಿಲ್ಲ. ಆ ಕಾಲವನ್ನು ಬಿಡಿಬಿಡಿಯಾಗಿ ಉಳಿದ ಆವೃತ್ತಿಗಳಿಂದ, ಪ್ರಕಟಣೆಗಳಿಂದ ಕಟ್ಟಿಕೊಳ್ಳಬೇಕು. ಅಂಕಿಗೆ ಅರ್ಥವಿದ್ದ ಕಾಲ ಬಹುಮಟ್ಟಿಗೆ ಅದೇ.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ತಮ್ಮ 386 ಯಂತ್ರಕ್ಕಾಗಿ ಬರೆದ 0.01 ಹೊರಬಂದದ್ದು 1991ರ ಸೆಪ್ಟೆಂಬರ್‌ನಲ್ಲಿ. ಮರುವರ್ಷದ ಮಾರ್ಚ್‌ನಲ್ಲಿ ಅವರು 0.12ರಿಂದ ನೇರ 0.95ಕ್ಕೆ ಜಿಗಿದರು. 1.0 ಇನ್ನೇನು ಹತ್ತಿರ ಬಂತು ಎಂಬ ನಂಬಿಕೆ ಆ ಜಿಗಿತದ ಹಿಂದಿತ್ತು. ಅದು ಬರಲು ಮತ್ತೆ ಎರಡು ವರ್ಷ ಹಿಡಿಯಿತು. 0.99 ಎಂಬಲ್ಲಿಗೆ ಬಂದು ಮುಂದೆ ಹೋಗಲು ಜಾಗವಿಲ್ಲದೆ, ಅದರ ಮುಂದೆ ಪ್ಯಾಚ್ ಸಂಖ್ಯೆ, ಕೊನೆಗೆ ಅಕ್ಷರಗಳನ್ನೂ ಸೇರಿಸುತ್ತ ಹೋಗಬೇಕಾಯಿತು. 1994ರ ಮಾರ್ಚ್ 14ರಂದು ಬಂದ 1.0ರಲ್ಲಿದ್ದುದು ಸುಮಾರು 1,76,000 ಸಾಲು ಕೋಡ್. ನೆಟ್‌ವರ್ಕ್ ಸಹಿತ ನೆಚ್ಚಿ ಬಳಸಬಹುದಾದ ಕರ್ನಲ್ ಇದು ಎಂಬ ಭರವಸೆಯನ್ನು ಆಗ ‘1’ ಹೊತ್ತಿತ್ತು.

ಅದೇ ಹೊತ್ತಿಗೆ ಬೆಸ–ಸಮ ಪದ್ಧತಿಯೂ ರೂಢಿಗೆ ಬಂತು. ಎರಡನೆಯ ಅಂಕಿ ಬೆಸವಾಗಿದ್ದರೆ ಅದು ಪ್ರಯೋಗದ ಸರಣಿ, ಸಮವಾಗಿದ್ದರೆ ಸ್ಥಿರ ಸರಣಿ. 1.1ರಲ್ಲಿ ಮುರಿದು ಕಟ್ಟಿದ್ದು 1.2 ಆಗಿ ಬರುತ್ತಿತ್ತು. ಬಳಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿರಲಿಲ್ಲ. ಆದರೆ ಮೊದಲ ಅಂಕಿ ಆಗಲೂ ಪೂರ್ತಿ ಸತ್ಯ ಹೇಳುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. 386 ಕುಟುಂಬದ ಆಚೆಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಪ್ರೊಸೆಸರ್‌ಗಳತ್ತ ಲಿನಕ್ಸ್ ಕಾಲಿಟ್ಟದ್ದು 1995ರ 1.2ರಲ್ಲಿ. ಬೇರೆ ಯಂತ್ರಗಳ ಮೇಲೂ ನಡೆಯಬಲ್ಲ ವ್ಯವಸ್ಥೆ ಇದು ಎಂದು ಸಾಬೀತಾದ ಆ ಘಟ್ಟಕ್ಕೆ ಮೊದಲ ಅಂಕಿಯ ಗೌರವ ಸಿಗಲಿಲ್ಲ.

ಆ ಗೌರವ ಸಿಕ್ಕಿದ್ದು 1996ರ ಜೂನ್‌ನ 2.0ಕ್ಕೆ. ಒಂದೇ ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ದುಡಿಸುವ ಸಾಮರ್ಥ್ಯ ಅದರ ಮುಖ್ಯ ಕೊಡುಗೆ. ಅದನ್ನು ಸಾಧಿಸಿದ ರೀತಿ ಮಾತ್ರ ಒರಟಾಗಿತ್ತು. ಎರಡು ಪ್ರೊಸೆಸರ್‌ಗಳು ಒಂದೇ ದತ್ತಾಂಶಕ್ಕೆ ಏಕಕಾಲದಲ್ಲಿ ಕೈಹಾಕಿದರೆ ಅದು ಕೆಡುತ್ತದೆ. ಇದನ್ನು ತಪ್ಪಿಸಲು ಇಡೀ ಕರ್ನಲ್‌ಗೆ ಒಂದೇ ಬೀಗ ಹಾಕಲಾಯಿತು. ‘ಬಿಗ್ ಕರ್ನಲ್ ಲಾಕ್’ ಎಂದು ಹೆಸರಾದ ಈ ಬೀಗದಿಂದಾಗಿ ಸಾಮಾನ್ಯ ಪ್ರೋಗ್ರಾಂಗಳು ಬೇರೆ ಬೇರೆ ಪ್ರೊಸೆಸರ್‌ಗಳಲ್ಲಿ ಒಟ್ಟಿಗೆ ಓಡಬಹುದಿತ್ತು. ಕರ್ನಲ್‌ನ ಒಳಗೆ ಮಾತ್ರ ಒಂದು ಸಲಕ್ಕೆ ಒಂದಕ್ಕೇ ಪ್ರವೇಶ. ಪ್ರೊಸೆಸರ್‌ಗಳು ಹೆಚ್ಚಿದಷ್ಟೂ ಆ ಬಾಗಿಲಲ್ಲಿ ಕಾಯುವ ಹೊತ್ತು ಹೆಚ್ಚುತ್ತಿತ್ತು. 1999ರ 2.2, 2001ರ 2.4, 2003ರ ಡಿಸೆಂಬರ್‌ನ 2.6 ಇವುಗಳ ಕೆಲಸದಲ್ಲಿ ದೊಡ್ಡ ಪಾಲು ಈ ಒಂದು ಬೀಗವನ್ನು ಒಡೆದು ಚಿಕ್ಕ ಚಿಕ್ಕ ಬೀಗಗಳಾಗಿ ಹಂಚುವುದೇ ಆಗಿತ್ತು. ಕಡತ ವ್ಯವಸ್ಥೆ, ನೆಟ್‌ವರ್ಕ್, ಡ್ರೈವರ್ ಎಂದು ಒಂದೊಂದೇ ಮೂಲೆಯಿಂದ ಅದನ್ನು ಹೊರಹಾಕುತ್ತ ಹೋಗಿ, ಕೊನೆಯ ಕುರುಹನ್ನು ಆರ್ಂಡ್ ಬರ್ಗ್‌ಮನ್ ತೆಗೆದುಹಾಕಿದ್ದು 2011ರ ಮೇ ತಿಂಗಳ 2.6.39ರಲ್ಲಿ. ಅಂದರೆ 2.0 ಆರಂಭಿಸಿದ ಕೆಲಸ ಮುಗಿಯಲು ಹದಿನೈದು ವರ್ಷ ಬೇಕಾಯಿತು, ಮುಗಿದದ್ದು ‘2’ ಸರಣಿಯ ಕಟ್ಟಕಡೆಯ ಆವೃತ್ತಿಯಲ್ಲಿ. ಎರಡೇ ತಿಂಗಳಿಗೆ ಅದರ ಬೆನ್ನಿಗೇ 3.0 ಬಂತು. ನಿಜವಾದ ಯುಗಾಂತ್ಯ ಹಳೆಯ ಅಂಕಿಯಲ್ಲಿ ಆಗಿಹೋಗಿತ್ತು; ಹೊಸ ಅಂಕಿಗೆ ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ.

ಅಷ್ಟರೊಳಗೆ ಬೆಸ–ಸಮ ಪದ್ಧತಿಯೂ ಕುಸಿದಿತ್ತು. ಕುಸಿತದ ಚಿಹ್ನೆಗಳು 2.4ರಲ್ಲೇ ಇವೆ. ಸ್ಥಿರ ಎನಿಸಿಕೊಂಡ ಆ ಸರಣಿಯ ನಡುವೆ, 2.4.10ರಲ್ಲಿ, ಮೆಮೊರಿ ನಿರ್ವಹಣೆಯ ಒಳತಿರುಳನ್ನೇ ಬದಲಿಸಲಾಯಿತು. ರಿಕ್ ವಾನ್ ರಿಯಲ್ ರೂಪಿಸಿದ್ದ ಏರ್ಪಾಡು ಹೋಗಿ ಆಂಡ್ರಿಯಾ ಆರ್ಕಾಂಜೆಲಿ ಅವರದು ಬಂತು. ಇನ್ನೊಂದು ಕಡೆ, 2.4ರಿಂದ 2.6ಕ್ಕೆ ಸುಮಾರು ಮೂರು ವರ್ಷ ಕಾಯಬೇಕಾಗಿ ಬಂದಾಗ ವಿತರಣಾ ಕಂಪನಿಗಳು ಸುಮ್ಮನಿರಲಿಲ್ಲ. 2003ರ ರೆಡ್‌ಹ್ಯಾಟ್ ಲಿನಕ್ಸ್ 9ರಲ್ಲಿದ್ದುದು 2.4.20 ಕರ್ನಲ್, ಆದರೆ ಪ್ರಯೋಗದ 2.5 ಸರಣಿಯ ಹೊಸ ಥ್ರೆಡ್ ವ್ಯವಸ್ಥೆಯನ್ನು ಅದಕ್ಕೆ ಕಸಿ ಮಾಡಲಾಗಿತ್ತು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ 2.4, ಒಳಗೆ ಅರ್ಧ 2.6. ಹೀಗಾದ ಮೇಲೆ ಸಮ ಅಂಕಿಯನ್ನು ನಂಬುವುದು ಹೇಗೆ?

2004ರಲ್ಲಿ ಒಟ್ಟಾವಾದಲ್ಲಿ ಸೇರಿದ ಕರ್ನಲ್ ಡೆವಲಪರ್‌ಗಳು 2.7 ತೆರೆಯುವುದು ಬೇಡ ಎಂಬ ನಿಲುವಿಗೆ ಬಂದರು. ಹೊಸ ಕೆಲಸ 2.6ರಲ್ಲೇ ನಡೆಯಲಿ, ಒಳಗೆ ಬರುವ ಮೊದಲು ಆಂಡ್ರ್ಯೂ ಮಾರ್ಟನ್ ಅವರ ಪರೀಕ್ಷಾ ಶಾಖೆಯಲ್ಲಿ ಹದಗೊಳ್ಳಲಿ ಎಂಬುದು ತೀರ್ಮಾನ. ಬಿಡುಗಡೆಯಾದ ಆವೃತ್ತಿಗಳಿಗೆ ದೋಷ ತಿದ್ದುಪಡಿಗಳನ್ನಷ್ಟೇ ಸೇರಿಸುವ ಸ್ಥಿರ ಶಾಖೆಯನ್ನು ಮರುವರ್ಷ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಆರಂಭಿಸಿದರು. ಎರಡು ವಾರ ಹೊಸ ಕೋಡ್ ಒಳಗೆ ಬಿಟ್ಟುಕೊಳ್ಳುವುದು, ಆಮೇಲೆ ವಾರಕ್ಕೊಂದರಂತೆ ಪರೀಕ್ಷಾ ಆವೃತ್ತಿ, ಒಂಬತ್ತು-ಹತ್ತು ವಾರಕ್ಕೊಂದು ಬಿಡುಗಡೆ ಎಂಬ ಈಗಿನ ಲಯ ಕ್ರಮೇಣ ಕೂಡಿಬಂತು.

ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ತಿರುವು ಇದೇ, 3.0 ಅಲ್ಲ. ಉಳಿದ ತಂತ್ರಾಂಶಗಳಲ್ಲಿ ಮೊದಲ ಅಂಕಿ ಏರಿತೆಂದರೆ ‘ಹಳೆಯದರೊಂದಿಗಿನ ಹೊಂದಾಣಿಕೆ ಮುರಿದಿದೆ, ಹುಷಾರು’ ಎಂದು ಎಚ್ಚರಿಸಿದಂತೆ. ಲಿನಕ್ಸ್‌ನಲ್ಲಿ ಆ ಎಚ್ಚರಿಕೆಗೆ ಎಡೆಯೇ ಇಲ್ಲ. ಬಳಕೆದಾರರ ಪ್ರೋಗ್ರಾಂ ನಿನ್ನೆ ನಡೆಯುತ್ತಿದ್ದರೆ ಹೊಸ ಕರ್ನಲ್ ಮೇಲೂ ನಡೆಯಬೇಕು ಎಂಬುದು ಟೊರ್ವಾಲ್ಡ್ಸ್ ಬಿಗಿಯಾಗಿ ಹಿಡಿದಿರುವ ನಿಯಮ. ಕರ್ನಲ್‌ನ ಒಳಗಿನ ಮಾಡ್ಯೂಲ್‌ಗಳ ಜೊತೆ ಇಂಥ ಒಪ್ಪಂದ ಯಾವತ್ತೂ ಇಲ್ಲ. ಹೊರಗಿನವರು ಬರೆದ ಡ್ರೈವರ್ ಯಾವುದೇ ಬಿಡುಗಡೆಯಲ್ಲಿ ಮುರಿಯಬಹುದು. ಒಂದು ಕಡೆ ಮುರಿಯುವಂತೆಯೇ ಇಲ್ಲ, ಇನ್ನೊಂದು ಕಡೆ ಯಾವಾಗ ಬೇಕಾದರೂ ಮುರಿಯಬಹುದು. ಈ ಎರಡರ ನಡುವೆ ಮೊದಲ ಅಂಕಿಗೆ ಮಾಡಲು ಕೆಲಸ ಉಳಿಯಲಿಲ್ಲ.

ಹೀಗಾಗಿ 3.0ರ ಹಿಂದಿದ್ದ ಕಾರಣಗಳು ಎರಡೇ: 2.6ರ ಮುಂದೆ 40 ಎಂಬಂಥ ಅಂಕಿ ದೊಡ್ಡದಾಯಿತು, ಲಿನಕ್ಸ್‌ಗೆ ಇಪ್ಪತ್ತು ತುಂಬಿತು. ಆಮೇಲೆ 3.19 ಕಳೆದು 4.0, 4.20 ಕಳೆದು 5.0, 5.19 ಕಳೆದು 6.0. 4.0 ಎಂದು ಕರೆಯಬೇಕೇ ಎಂದು ಟೊರ್ವಾಲ್ಡ್ಸ್ ಗೂಗಲ್ ಪ್ಲಸ್‌ನಲ್ಲಿ ಮತ ಕೇಳಿದ್ದೂ ಉಂಟು. ಯುಗಾದಿಗೆ ಸಂವತ್ಸರದ ಹೆಸರು ಬದಲಾದರೂ ಹೊಲದಲ್ಲಿನ ಬೆಳೆ ತನ್ನ ಪಾಡಿಗೆ ಬೆಳೆಯುವಂತೆ, ಕೋಡ್ ತನ್ನ ಲಯದಲ್ಲೇ ಸಾಗಿತು. ರಸ್ಟ್ ಭಾಷೆ ಕರ್ನಲ್‌ಗೆ ಬಂದದ್ದು 6.0ರಲ್ಲಲ್ಲ, 6.1ರಲ್ಲಿ. ಪ್ರೊಸೆಸರ್ ಸಮಯ ಹಂಚುವ ಷೆಡ್ಯೂಲರ್ ತನ್ನ ತತ್ವವನ್ನೇ ಬದಲಿಸಿಕೊಂಡದ್ದು 2.6.23ರಲ್ಲಿ, ಮತ್ತೊಮ್ಮೆ 6.6ರಲ್ಲಿ. ನಿಗದಿತ ಸಮಯದೊಳಗೆ ಪ್ರತಿಕ್ರಿಯಿಸಲೇಬೇಕಾದ ಯಂತ್ರಗಳಿಗಾಗಿ ಎರಡು ದಶಕ ಹೊರಗೇ ಬೆಳೆದ ರಿಯಲ್‌ಟೈಮ್ ಪ್ಯಾಚ್‌ಗಳು ಮುಖ್ಯ ಕರ್ನಲ್‌ನಲ್ಲಿ ನೆಲೆಯಾದದ್ದು 2024ರ 6.12ರಲ್ಲಿ. ಲಿನಕ್ಸ್ ಹುಟ್ಟಿದ 386 ಪ್ರೊಸೆಸರನ್ನೇ ಕೈಬಿಟ್ಟದ್ದು 3.8ರಲ್ಲಿ.

ಆದರೂ ಅಂಕಿ ಬದಲಾದದ್ದರಿಂದಲೇ ಕೆಲವು ಮುರಿದವು. ಆವೃತ್ತಿ 2.6ರಿಂದಲೇ ಆರಂಭವಾಗುತ್ತದೆ, ಮೂರು ಅಂಕಿ ಇದ್ದೇ ಇರುತ್ತವೆ ಎಂದು ನಂಬಿದ್ದ ಪ್ರೋಗ್ರಾಂಗಳು 3.0 ಕಂಡು ತಬ್ಬಿಬ್ಬಾದವು. ಫೆಡೋರಾ 15 ತನ್ನ ಬಳಕೆದಾರರಿಗೆ 3.0 ಕರ್ನಲನ್ನು 2.6.40 ಎಂಬ ಹೆಸರಿನಲ್ಲೇ ಕೊಟ್ಟಿತು. ಹಳೆಯ ಪ್ರೋಗ್ರಾಂ ಕೇಳಿದಾಗ 3.0ನ್ನು 2.6.40 ಎಂದೂ 3.1ನ್ನು 2.6.41 ಎಂದೂ ಹೇಳುವ ಸೌಲಭ್ಯ 3.1ರಿಂದ ಕರ್ನಲ್‌ನೊಳಗೇ ಬಂತು. ಬೇರೆ ಮನೆಗಳ ಕಥೆಯೂ ಇದೇ. ವಿಂಡೋಸ್ 7 ತನ್ನನ್ನು ಒಳಗೆ 6.1 ಎಂದೇ ಕರೆದುಕೊಂಡಿತು, ವಿಂಡೋಸ್ 11 ಇಂದಿಗೂ 10.0 ಎನ್ನುತ್ತದೆ. ಮ್ಯಾಕ್‌ನ ಬಿಗ್ ಸರ್ 11 ಆಗಿದ್ದರೂ ಹಳೆಯ ಪ್ರೋಗ್ರಾಂಗಳಿಗೆ 10.16 ಎಂದು ಉತ್ತರಿಸುತ್ತಿತ್ತು.

ಕೊನೆಯ ಅಂಕಿಯೂ ಕಾಟ ಕೊಡದೆ ಬಿಡಲಿಲ್ಲ. ಕಂಪೈಲ್ ಮಾಡುವಾಗ ಆವೃತ್ತಿಗಳನ್ನು ಹೋಲಿಸಲು ಕರ್ನಲ್ ಮೂರೂ ಅಂಕಿಗಳನ್ನು ಒಂದೇ ಸಂಖ್ಯೆಯಾಗಿ ಜೋಡಿಸುತ್ತದೆ. ಅದರಲ್ಲಿ ಮೂರನೆಯದಕ್ಕೆ ಮೀಸಲಿದ್ದುದು ಎಂಟು ಬಿಟ್, ಅಂದರೆ ಗರಿಷ್ಠ 255. ವರ್ಷಗಟ್ಟಲೆ ದುರಸ್ತಿ ಕಾಣುತ್ತ ಬಂದ 4.4 ಮತ್ತು 4.9 ಸರಣಿಗಳು 2021ರ ಫೆಬ್ರುವರಿಯಲ್ಲಿ 256ನ್ನು ತಲುಪಿದವು. ಹಾಗೇ ಬಿಟ್ಟಿದ್ದರೆ 4.4.256 ಎಂಬುದು 4.5.0 ಎಂದು ಓದಿಕೊಳ್ಳುತ್ತಿತ್ತು. ಎಂಟು ಬಿಟ್ ಹಿಗ್ಗಿಸಿದರೆ ಆ ಲೆಕ್ಕವನ್ನು ನೆಚ್ಚಿದ ಪ್ರೋಗ್ರಾಂಗಳು ಮುರಿಯುವ ಭಯ. ಆದ್ದರಿಂದ ಜೋಡಿಸುವ ಲೆಕ್ಕದಲ್ಲಿ ಮೂರನೆಯ ಅಂಕಿಯನ್ನು 255ಕ್ಕೇ ನಿಲ್ಲಿಸಿ ಬಿಡುಗಡೆಗಳನ್ನು ಮುಂದುವರಿಸಲಾಯಿತು. 2022ರ ಫೆಬ್ರುವರಿಯಲ್ಲಿ ಆ ಸರಣಿಯ ಕೊನೆಯ ಅಧಿಕೃತ ಆವೃತ್ತಿಯಾಗಿ 4.4.302 ಬಂದಾಗಲೂ, ಅದರ ಮೇಲೆ ಕಂಪೈಲ್ ಆಗುವ ಡ್ರೈವರ್‌ಗೆ ಸಿಗುತ್ತಿದ್ದ ಉತ್ತರ 4.4.255.